ಮುಳ್ಳುಹಂದಿ ವೇಷ ಬಿಚ್ಚದ ಹುಡುಗಿ

"ಹಲೋ… ಯಾರು ಮಾತಾಡ್ತಿರೋದು?… ಹಾಂ, ನಾಟಕದಲ್ಲಿ ಹುಲಿ ಆಗಿದ್ದ ಹುಡುಗನ ಅಮ್ಮನಾ? ಹೇಳಿ ಮೇಡಂ…"

ಆಗಷ್ಟೇ ಕೆಲಸ ಮುಗಿಸಿ ಬಂದ ಎಲೆಕ್ಟ್ರಿಷಿಯನ್ ಒಂದು ಬೂಟು ಬಿಚ್ಚಿ, ಇನ್ನೊಂದನ್ನು ಹಾಗೇ ಬಿಟ್ಟು ಗೋಡೆಗೆ ಒರಗಿದ. ಎದುರಿನ ಸ್ಟೂಲಿನ ಮೇಲೆ ಮಗಳು ಶಾಲೆಯ ನಾಟಕದ ಮುಳ್ಳುಹಂದಿ ವೇಷದಲ್ಲೇ ಕೂತಿದ್ದಳು. ಹಳೇ ರೇನ್‌ಕೋಟಿನ ತುಂಬ, ವೈರು ಬಿಗಿಯುವ ಪ್ಲಾಸ್ಟಿಕ್ ಕೇಬಲ್ ಟೈಗಳನ್ನು ಪೋಣಿಸಿ ಅವನೇ ಮಾಡಿಕೊಟ್ಟ ವೇಷ.

"ಕೆನ್ನೆಗೆ ಗೀರಾ? ಅಯ್ಯೋ… ಕಣ್ಣಿಗೇನೂ ಆಗಿಲ್ಲ ತಾನೇ?… ಸದ್ಯ. ತಪ್ಪು ನಂದೇ ಮೇಡಂ. ಮುಳ್ಳು ಉದ್ದ ಜಾಸ್ತಿ ಆಯ್ತು ಅಂತ ಓರೆಯಾಗಿ ಕತ್ತರಿಸಿಬಿಟ್ಟೆ, ತುದಿ ಚೂಪಾಯ್ತು…"

"ಛೆ ಛೆ, ಬೇಕಂತ ಚುಚ್ಚಿರಲ್ಲ. ಟೀಚರ್ ಕಲಿಸಿದ್ದೇ ಹಾಗಲ್ವಾ? ಮುಳ್ಳುಹಂದಿ ಮೊದಲು ಮುಳ್ಳು ನಿಮಿರಿಸಿ ಸದ್ದು ಮಾಡತ್ತೆ. ಹುಲಿ ಕೇಳಲಿಲ್ಲ ಅಂದ್ರೆ ಬೆನ್ನು ತಿರುಗಿಸಿ ಹಿಂದಕ್ಕೆ ನುಗ್ಗತ್ತೆ. ಮನೇಲಿ ನಾನೇ ಹುಲಿಯಾಗಿ ಮಂಡಿಗೆ ಗುದ್ದಿಸ್ಕೊಂಡಿದ್ದೀನಿ…"

"ಏನಂದ್ರಿ? ನಾಟಕ ಮುಗಿದ ಮೇಲಾ?…"

ಮಗಳು ತಲೆ ತಗ್ಗಿಸಿದಳು.

"ಮೆಟ್ಟಿಲ ಹತ್ರ?… ಅಲ್ಲಾ ಮೇಡಂ, ನಾಟಕ ಮುಗಿದಿತ್ತು ಅಂದ್ರೆ ನಿಮ್ಮ ಹುಲಿಗೆ ಅಲ್ಲೇನು ಕೆಲಸ?… ತಮಾಷೆಗೆ ಜಡೆ ಹಿಡಿದನಾ? ಓಹೋ… ನಾನೆಲ್ಲಿ ದನಿ ಏರಿಸ್ದೆ? ಕಿರುಚ್ತಿರೋದು ನೀವು. ಒಂದ್ನಿಮಿಷ ಇರಿ…"

ಫೋನಿನ ಬಾಯಿಗೆ ಅಂಗೈ ಮುಚ್ಚಿ, "ಪುಟ್ಟೀ, ಇವತ್ತೊಂದೇ ದಿನಾನಾ?" ಎಂದು ಕೇಳಿದ.

ಮಧ್ಯಾಹ್ನದಿಂದ ಅಜ್ಜಿ ಎಷ್ಟು ಗೋಗರೆದರೂ ಬಿಚ್ಚದ ವೇಷವನ್ನು ಅವಳು ಎದೆಯ ಮೇಲೆ ಬಿಗಿಯಾಗಿ ಎಳೆದುಕೊಂಡಳು. "ದಿನಾ ಎಳೀತಾನೆ ಅಪ್ಪ. ಸುಮ್ನಿದ್ರೆ ಬಿಟ್ಟುಬಿಡ್ತಾರೆ ಅಂತ ನೀನೇ ಹೇಳಿದ್ಯಲ್ಲ. ಸುಮ್ನೇ ಇದ್ದೆ. ಬಿಡ್ಲಿಲ್ಲ."

ಅವನು ಅಂಗೈ ತೆಗೆದು ಫೋನನ್ನು ಮತ್ತೆ ಕಿವಿಗಿಟ್ಟ.

"ಹಾಂ, ಲೈನಲ್ಲೇ ಇದ್ದೀನಿ… ನಾಳೆ ಎಲ್ಲರೆದುರು ನನ್ನ ಮಗಳು ಕ್ಷಮೆ ಕೇಳಬೇಕಾ? ಇಲ್ಲಾಂದ್ರೆ ಅವಳನ್ನ ಶಾಲೆ ಬಿಡಿಸ್ತೀರಾ?… ಬಿಡಿಸಿ, ನೋಡೇಬಿಡೋಣ. ಗೀರಿಗೆ ನಾನು ಬಂದು ಕ್ಷಮೆ ಕೇಳ್ತೀನಿ, ಚೂಪು ಮಾಡಿದ ಕೈ ನಂದು. ಅವಳು ಕೇಳಲ್ಲ…"

"ಗಂಡು ಹುಡುಗರು ಅಂದ್ಮೇಲೆ ಹಾಗೇನಾ? ಹಂಗಾದ್ರೆ ಮುಳ್ಳುಹಂದಿ ಅಂದ್ಮೇಲೂ ಹಾಗೇನೇ!… ಅಲ್ಲಾ, ನಾಟಕದಲ್ಲಿ ಹುಲಿ ಬಂದಾಗ ಹಲ್ಲಿಯಾದ ಹುಡುಗ ಬಾಲ ಬಿಟ್ಟು ಓಡಿದ, ಆಮೆಯಾದ ಹುಡುಗಿ ಚಿಪ್ಪೊಳಗೆ ತಲೆ ಎಳ್ಕೊಂಡ್ಲು. ಅವರ ಮನೆಗೂ ಫೋನ್ ಮಾಡಿ ಬೈದ್ರಾ? ತಿರುಗಿ ನಿಂತವಳು ಮಾತ್ರ ನಿಮ್ಮ ಕಣ್ಣಿಗೆ ರಾಕ್ಷಸಿ, ಅಲ್ವಾ?…"

"ನನಗೆ ಮಕ್ಕಳನ್ನ ಸಾಕೋಕೆ ಬರಲ್ವಾ? ಹೌದು ಮೇಡಂ, ಇಷ್ಟು ದಿನ ಬರ್ತಿರ್ಲಿಲ್ಲ. ಸುಮ್ನಿರು ಅಂತ ಕಲಿಸಿದ್ದೆ…"

ಸ್ಟೂಲು ಕಿರ್ರೆಂದಿತು. ಮಗಳು ಇಳಿದು ಬಂದು ಕೈ ಚಾಚಿದಳು. ಅವನು ಒಂದು ಕ್ಷಣ ತಡೆದು, ಫೋನು ಕೊಟ್ಟ.

"ಆಂಟಿ, ಅವನಿಗೆ ಕೊಡಿ… ಅಲ್ಲೇ ಇದ್ದಾನೆ, ಉಸಿರು ಕೇಳಿಸ್ತಿದೆ…"

"ಹಲೋ… ನಾಳೆ ನಾನು ಬರೀ ಯೂನಿಫಾರ್ಮಲ್ಲಿ ಬರ್ತೀನಿ ಕಣೋ. ಮುಳ್ಳು ಗಿಳ್ಳು ಏನೂ ಇರಲ್ಲ. ಆದ್ರೆ ಜಡೆಗೆ ಕೈ ಹಾಕು, ಇಡೀ ಶಾಲೆ ಓಡಿ ಬರೋ ಹಾಗೆ ಕಿರುಚ್ತೀನಿ."