ತೋಳಿನ ಮೇಲೆ ಎಷ್ಟು ಪ್ಲೇಟು

ಮಲ್ಲೇಶ್ವರದ ಬಸ್ ಸ್ಟಾಪಿನಲ್ಲಿ ಗಂಡ ಹೆಂಡತಿ ಬಂದು ನನ್ನ ಪಕ್ಕ ಕೂತರು. ಐವತ್ತು ದಾಟಿದವರು. ಆಕೆಯದು ರೇಷ್ಮೆ ಸೀರೆ, ಆತನದು ಹೊಸ ಶರ್ಟು. ಜಗಳ ದಾರಿಯಲ್ಲೇ ಶುರುವಾಗಿತ್ತು.

“ತಿಂದ ಪ್ಲೇಟೆಲ್ಲಾ ಒಂದರ ಮೇಲೊಂದು ಜೋಡ್ಸಿ ಅಂತ ನಿಮಗ್ಯಾರು ಹೇಳಿದ್ರು?”

“ಕೈ ತಾನಾಗೇ ಹೋಯ್ತು ಕಣೆ.”

“ಬೀಗರಾಗೋರು ಎದುರಿಗೇ ಕೂತಿದ್ರು. ನೀವು ಹೋಟ್ಲಲ್ಲಿ ಮ್ಯಾನೇಜರ್ ಅಂತ ಹೇಳಿದ್ದೆ ನಾನು.”

“ಹಂಗೆ ಹೇಳು ಅಂತ ನಾನಂದ್ನಾ?”

“ಅದರ ಮೇಲೆ ಐವತ್ತು ರೂಪಾಯಿ ಟಿಪ್ಸ್ ಬೇರೆ ಇಟ್ರಿ.”

“ಇಡದೆ ಎದ್ದು ಬರಕ್ಕಾಗುತ್ತಾ? ಸಪ್ಲೈಯರ್ ಬೆಳಗ್ಗೆ ಆರರಿಂದ ನಿಂತಿರ್ತಾನೆ. ಆ ಕಾಲುನೋವು ನಂಗೊತ್ತು.”

“ಅವನು ವಾಪಸ್ ಕೊಟ್ನಲ್ಲ! ‘ಸಪ್ಲೈಯರ್ ಹತ್ರ ಸಪ್ಲೈಯರ್ ತಗೊಳಲ್ಲ ಅಣ್ಣ, ಯಾವ ಹೋಟ್ಲು ನಿಮ್ದು?’ ಅಂತ ಎಲ್ಲರ ಮುಂದೆ ಕೇಳ್ಬಿಟ್ಟ.”

“ಪ್ಲೇಟ್ ಜೋಡ್ಸಿದ್ದು ನೋಡೇ ಕಂಡುಹಿಡಿದಿದ್ದಾನೆ. ಕೆಲಸಗಾರ.”

“ಹೊಗಳ್ತೀರಲ್ಲ! ಮಗಳ ಮುಖ ನೋಡಿದ್ರಾ ಆಗ?”

ಆತ ಎದ್ದು ಬಸ್ ಬರುತ್ತಿದೆಯಾ ಅಂತ ನೋಡಿದ. ಆಕೆ ದನಿ ತಗ್ಗಿಸಿ ಕೇಳಿದಳು.

“ಕೈ ತೊಳೆಯೋ ಹತ್ರ ಹುಡುಗನ ಅಪ್ಪ ಏನೋ ಕೇಳ್ತಿದ್ರಲ್ಲ. ಸಂಬಂಧ ಬೇಡ ಅಂದ್ರಾ?”

“ಇಲ್ಲ. ಒಂದ್ಸಲಕ್ಕೆ ತೋಳಿನ ಮೇಲೆ ಎಷ್ಟು ದೋಸೆ ಪ್ಲೇಟ್ ಹೊತ್ಕೊಂಡ್ ಬರ್ತೀರ ಅಂತ ಕೇಳಿದ್ರು.”

“ಅಷ್ಟೇನಾ? ನೀವೇನಂದ್ರಿ?”

“ಹತ್ತು ಅಂದೆ.”

ಬಸ್ ಬಂತು. ಆಕೆ ನೆರಿಗೆ ಎತ್ತಿ ಹಿಡಿದು ಮೊದಲು ಹತ್ತಿದಳು. ಮೆಟ್ಟಿಲ ಮೇಲಿಂದಲೇ ತಿರುಗಿ ಗಂಡನನ್ನು ಗದರಿದಳು.

“ಹನ್ನೆರಡು ತರ್ತೀರಲ್ರೀ! ಯಾಕೆ ಕಮ್ಮಿ ಹೇಳಿದ್ರಿ?”