ಹೆಸರಿಲ್ಲದ ಚೀಟಿ

ಹದಿಹರೆಯದ ಮಕ್ಕಳು ಕುಡಿತಕ್ಕೆ ಬೀಳದಿರಲೆಂದು ಸಮುದಾಯ ಭವನದಲ್ಲಿ ವಾರಕ್ಕೊಮ್ಮೆ ಹೆತ್ತವರನ್ನೂ ಕೂರಿಸಿ ಸಭೆ ಮಾಡುತ್ತಾರೆ. ಇಂದು, ಮೊದಲ ಗುಟುಕು ಯಾರು ಕೊಟ್ಟರೆಂದು ಮಕ್ಕಳು ಹೆಸರು ಹಾಕದೆ ಬರೆದ ಚೀಟಿಗಳನ್ನು ಓದಿದರು. ಸಭೆ ಮುಗಿದು ನಾನು ಕುರ್ಚಿ ಮಡಚುವಾಗ ಬಾಗಿಲಲ್ಲಿ ಗಂಡ ಹೆಂಡತಿ ನಿಂತಿದ್ದರು.

"ಬಾಟಲಿ ಮುಚ್ಚಳದಲ್ಲಿ ಅಪ್ಪ ಕೊಟ್ಟ ಅಂತ ಬರೆದಿದ್ದು ನಮ್ಮವಳಾ?"

"ಮತ್ತಿನ್ಯಾರು? ಕೊಟ್ಟಿದ್ದು ಮರೆತೋಯ್ತಾ?"

"ತಮಾಷೆಗೆ ಕೊಟ್ಟೆ ಕಣೇ."

"ಚೀಟಿ ಓದಿದಾಗ ಎಂಥಾ ಅಪ್ಪನೋ ಇವನು ಅಂತ ಎಲ್ಲರಿಗಿಂತ ಜೋರಾಗಿ ನಕ್ಕಿದ್ದೂ ನೀವೇ."

"ಅವಳು ನೋಡಿದ್ಲಾ?"

"ನೋಡಿದ್ಲು. ಆಮೇಲೆ ತಗ್ಗಿಸಿದ ತಲೆ ಎತ್ತಲೇ ಇಲ್ಲ."

ಅಷ್ಟರಲ್ಲಿ ಮಗಳು ಬಂದಳು.

"ಆ ಅಪ್ಪ ನಾನೇ ಅಂತ ಮುಂದಿನ ವಾರ ಎದ್ದು ಹೇಳ್ತೀನಿ ಕಣಮ್ಮಾ."

"ಅದೆಲ್ಲ ಬೇಡಪ್ಪಾ. ಮನೇಲಿರೋದನ್ನ ಚೆಲ್ಲಿಬಿಡು, ಸಾಕು."

ಅವನು ಬಗ್ಗಿ ಚಪ್ಪಲಿ ಹುಡುಕತೊಡಗಿದ. ತಾಯಿ ಮಗಳು ಮೆಟ್ಟಿಲಿಳಿದ ಮೇಲೆ ಹಿಂದೆ ಹೋದ.