ಇಪ್ಪತ್ತು ಅಡಿ ದೂರದ ಪಿಸುಮಾತು

ಸನ್ಮಾನ್ಯ ಅಧ್ಯಕ್ಷರಾದ ದೊಡ್ಡಬಸಪ್ಪನವರೇ, ಮೂರು ಹಾರಗಳ ಭಾರಕ್ಕೆ ಮದುಮಗನಂತೆ ಬೆವರುತ್ತಿರುವ ಡಾಕ್ಟರ್ ಹಾಲಸ್ವಾಮಿಯವರೇ, ಮುಂದಿನ ಸಾಲಿನ ಹಿರಿಯರೇ, ಉಪ್ಪಿಟ್ಟು ಯಾವಾಗ ಬರುತ್ತದೆಂದು ಕಾದಿರುವ ಹಿಂದಿನ ಸಾಲಿನ ಪ್ರಾಮಾಣಿಕ ಸಭಿಕರೇ, ಎಡಗಡೆ ಜಮಖಾನೆಯ ಮೇಲೆ ಕುಳಿತಿರುವ ತಾಯಂದಿರೇ,

ಆ ತಾಯಂದಿರಲ್ಲಿ ಒಬ್ಬರು ನನಗೆ ತಾಯಿಯಲ್ಲ, ಹೆಂಡತಿ. ಯಾರೆಂದು ಹೊರಳಿ ನೋಡಬೇಡಿರಿ, ಅವರಿಗೆ ಸಿಟ್ಟು ಬರುತ್ತದೆ. ಈಗಾಗಲೇ ಬಂದಿರುವ ಸಿಟ್ಟೇ ಸಾಕಷ್ಟಿದೆ. ಅವರು ಇಲ್ಲೇ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ತವರುಮನೆ ಸೇರಿ ಎರಡು ತಿಂಗಳಾಯಿತು. ನಾನು ಕಂಪ್ಲಿಯಲ್ಲಿ, ಸ್ವಂತ ಅಕ್ಕಿ ಗಿರಣಿ ಇಟ್ಟುಕೊಂಡು, ಅನ್ನ ಬೇಯಿಸಲು ಬಾರದೆ ಮಂಡಕ್ಕಿ ತಿಂದು ದಿನ ದೂಡುತ್ತಿದ್ದೇನೆ.

ಅಧ್ಯಕ್ಷರು ಕೆಮ್ಮಿದರು. ವಿಷಯಕ್ಕೆ ಬಂದೆ.

ಡಾಕ್ಟರ್ ಹಾಲಸ್ವಾಮಿಯವರು ನಮ್ಮೂರು ಬಿಟ್ಟು, ಸಿಪಾಯಿಗಳ ಕಿವಿ ನೋಡಲು, ದಂಡಿನ ಆಸ್ಪತ್ರೆಯ ಕೆಲಸಕ್ಕೆ ಹೊರಟಿದ್ದಾರೆ. ಅವರನ್ನು ಹೊಗಳಲು ಅಧ್ಯಕ್ಷರು ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಮಹನೀಯರೇ, ಇವರು ಬರುವ ಮುಂಚೆ ನಮ್ಮ ಕಿವಿ, ಮೂಗು, ಗಂಟಲುಗಳ ಗತಿ ಏನಾಗಿತ್ತು? ಕಿವಿ ನೋವಾದರೆ ಬೆಳ್ಳುಳ್ಳಿ ಕಾಸಿದ ಎಣ್ಣೆ. ಮೂಗು ಕಟ್ಟಿದರೆ ನಶ್ಯ. ಗಂಟಲು ಕೆಟ್ಟರೆ ಅರಿಶಿನದ ಹಾಲು. ಮೂರೂ ಒಟ್ಟಿಗೆ ಕೆಟ್ಟರೆ ಹಂಪಿಗೆ ಹರಕೆ. ಆಗ ಮದರಾಸಿನಲ್ಲಿ ಕಲಿತ ಈ ಹುಡುಗ ಡಾಕ್ಟರು ಹಣೆಗೆ ನಡುವೆ ತೂತಿರುವ ದುಂಡನೆಯ ಕನ್ನಡಿ ಕಟ್ಟಿಕೊಂಡು ಬಂದು ಕುಳಿತರು. ಮೊದಲ ವಾರ ಬಂದವರಲ್ಲಿ ಅರ್ಧ ಜನಕ್ಕೆ ರೋಗವೇ ಇರಲಿಲ್ಲ, ಆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಬಂದಿದ್ದರು. ನಾನೂ ಒಮ್ಮೆ ಅದರಲ್ಲಿ ಮೀಸೆ ತಿದ್ದಿಕೊಂಡಿದ್ದೇನೆ.

ಇವರ ಕೈಗುಣ ಎಂಥದ್ದು? ನಮ್ಮ ಹಮಾಲಿ ಗಾಳೆಪ್ಪನ ಮೊಮ್ಮಗಳಿಗೆ ಒಂದೇ ಹೊಳ್ಳೆಯಿಂದ ಸಿಂಬಳ ಸುರಿಯುತ್ತಿತ್ತು. ಶೀತದ ಮೈ ಎಂದು ವರ್ಷಗಟ್ಟಲೆ ಕಷಾಯ ಕುಡಿಸಿದ್ದರು. ಎರಡೂ ಕಡೆ ಸುರಿದರೆ ಶೀತ, ಒಂದೇ ಕಡೆ ಸುರಿದರೆ ಒಳಗೇನೋ ಕೂತಿದೆ ಎಂದು ಡಾಕ್ಟರು ಬೆಳಕು ಬಿಟ್ಟು ನೋಡಿದರು. ಹುಣಸೆ ಬೀಜ ಬಂತು. ನನ್ನ ಗಂಟಲನ್ನೂ ನೋಡಿದರು. ಚಮಚದಿಂದ ನಾಲಿಗೆ ಒತ್ತಿ, "ಆ" ಅನ್ನಿಸಿ, "ಗಂಟಲಿಗೆ ಏನೂ ಆಗಿಲ್ಲ, ಮಾತು ಕಡಿಮೆ ಮಾಡಿರಿ" ಎಂದರು. ಅದೊಂದು ಪಥ್ಯವನ್ನು ನನ್ನಿಂದ ಪಾಲಿಸಲಾಗಿಲ್ಲವೆಂದು ನಿಮಗೇ ಕಾಣುತ್ತಿದೆ.

ಇನ್ನು ನಮ್ಮ ಮನೆಯವರ ಕಿವಿಯ ವಿಚಾರ. ಡಾಕ್ಟರೇ, ತಲೆ ತಗ್ಗಿಸಬೇಡಿರಿ. ತಪ್ಪು ನಿಮ್ಮದು ಕಾಲು ಪಾಲು, ನನ್ನದು ಮುಕ್ಕಾಲು.

ಯುಗಾದಿ ಮುಗಿದ ಮೇಲೆ ನಮ್ಮ ಮನೆಯವರಿಗೆ ಕಿವಿ ಕಡಿತ ಶುರುವಾಯಿತು. ಕರೆದುಕೊಂಡು ಬಂದೆ. ಡಾಕ್ಟರು ಕನ್ನಡಿಯ ಬೆಳಕು ಹಾಯಿಸಿ, ಸಣ್ಣ ಇಕ್ಕಳದಿಂದ ಒಂದು ಭತ್ತದ ಕಾಳು ತೆಗೆದರು. ನಮ್ಮ ಗಿರಣಿಯದೇ ಮಾಲು. ಅಲ್ಲಿಗೆ ನಿಲ್ಲಿಸಿದ್ದರೆ ನಾನು ಇಂದು ಮಂಡಕ್ಕಿ ತಿನ್ನುತ್ತಿರಲಿಲ್ಲ. ಕಾಳು ಕಿವಿಯೊಳಗೆ ಏನಾದರೂ ಕೆಡಿಸಿದೆಯೋ ನೋಡೋಣ ಎಂದು ಶ್ರವಣ ಪರೀಕ್ಷೆಗೆ ಹೊರಟರು.

ಆ ಪರೀಕ್ಷೆ ಹೀಗೆ. ರೋಗಿಯನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸುವುದು. ಇಪ್ಪತ್ತು ಅಡಿ ದೂರದಿಂದ ಡಾಕ್ಟರು ಒಂದು ಮಾತು ಪಿಸುಗುಟ್ಟುವುದು. ಕೇಳಿದರೆ ರೋಗಿ ಅದನ್ನೇ ತಿರುಗಿ ಹೇಳುವುದು. ಮದರಾಸಿನ ಪುಸ್ತಕದಲ್ಲಿ ಇಂಗ್ಲಿಷ್ ಮಾತುಗಳಿದ್ದವಂತೆ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ಅವು ತಿಳಿಯಬೇಕಲ್ಲ? ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ, ಯಾವ ಊರಿನವರನ್ನು ಕೇಳಿದರೂ ಗೊತ್ತಿರುವ ಒಂದು ಹೆಸರು ಯಾವುದೆಂದು ಡಾಕ್ಟರು ಯೋಚಿಸಿದರು. ದೇವರ ಹೆಸರೇ ಹೊಳೆಯಿತು. ಮೆಲ್ಲಗೆ ಪಿಸುಗುಟ್ಟಿದರು, "ವಿರೂಪಾಕ್ಷ."

"ಯಾಕ್ರಿ?" ಅಂದೆ ನಾನು.

ನನ್ನ ಹೆಸರೂ ಅದೇ ಅಲ್ಲವೇ, ವಿರೂಪಾಕ್ಷಪ್ಪ. ಎರಡನೇ ಸಲ ಪಿಸುಗುಟ್ಟಿದಾಗಲೂ, "ಇಲ್ಲೇ ಇದ್ದೀನ್ರಿ" ಅಂದೆ. ಪರೀಕ್ಷೆ ಕೆಡುತ್ತದೆ ಎಂದು ನನ್ನನ್ನು ಹೊರಗಿನ ಕಟ್ಟೆಗೆ ಕಳಿಸಿ ಬಾಗಿಲು ಹಾಕಿದರು. ಒಳಗೆ ಹದಿನೈದು ಅಡಿಯಿಂದ ಕೂಗಿದರು, ಹತ್ತರಿಂದ ಕೂಗಿದರು. ಕೊನೆಗೆ ಕಿವಿಯ ಪಕ್ಕವೇ ನಿಂತು ಎಂಥ ದನಿ ತೆಗೆದರೆಂದರೆ, ಹೊರಗೆ ಕಟ್ಟಿದ್ದ ಎತ್ತು ಹಗ್ಗ ಹರಿದುಕೊಂಡಿತು. ನಮ್ಮ ಮನೆಯವರು ತಲೆ ತಗ್ಗಿಸಿ, ಸೆರಗಿನ ತುದಿ ಕಚ್ಚಿ, ಗೋಡೆ ನೋಡುತ್ತಾ ನಿಂತೇ ಇದ್ದರಂತೆ. ಡಾಕ್ಟರು ಚೀಟಿ ಬರೆದರು: ಎರಡೂ ಕಿವಿ ಪೂರ್ತಿ ಕಿವುಡು.

ತಾಯಂದಿರೆಲ್ಲ ಆಗಲೇ ನಗುತ್ತಿದ್ದೀರಿ. ಗಂಡಸರಿಗೆ ಇನ್ನೂ ಹೊಳೆದಿಲ್ಲ. ಬ್ರಹ್ಮಚಾರಿ ಡಾಕ್ಟರಿಗೂ ಹೊಳೆಯಲಿಲ್ಲ. ಹದಿನಾರು ವರ್ಷ ಸಂಸಾರ ಮಾಡಿದ ನನಗೇ ಹೊಳೆಯಲಿಲ್ಲ ಎಂದ ಮೇಲೆ ಅವರನ್ನು ಏನೆನ್ನಲಿ?

ದಾರಿಯಲ್ಲಿ ನಮ್ಮ ಮನೆಯವರು, "ನನಗ ಕೇಳಸ್ತೈತ್ರಿ" ಎಂದರು. ನಾನು ನಂಬಲಿಲ್ಲ. ಕಿವುಡರು ಮೊದಲು ಹೇಳುವುದೇ ಹಾಗೆ ಎಂದು ಡಾಕ್ಟರು ಎಚ್ಚರಿಸಿದ್ದರು. "ಚೀಟಿ ಐತಿ!" ಎಂದು ಕೂಗಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಮಾತು ಎತ್ತಲಿಲ್ಲ. ನಾನು ಕೈಸನ್ನೆಯಲ್ಲಿ ನೀರು ಕೇಳುತ್ತಿದ್ದೆ, ಅವರು ಸನ್ನೆಯಲ್ಲೇ ಮಜ್ಜಿಗೆ ಕೊಡುತ್ತಿದ್ದರು. ಐದು ತಿಂಗಳು ಹೀಗೆ ನಡೆಯಿತು. ಮನೆ ಇಷ್ಟು ಶಾಂತವಾಗಿ ಎಂದೂ ಇರಲಿಲ್ಲ ಎಂದು ನಾನು ಗೆಳೆಯರ ಹತ್ತಿರ ಹೇಳಿಕೊಂಡೆ. ಎಲ್ಲಿ? ಅವರೆದುರೇ, ನಮ್ಮ ಪಡಸಾಲೆಯಲ್ಲಿ.

ದೊಡ್ಡಬಸಪ್ಪನವರು ಗಡಿಯಾರ ತೋರಿಸುತ್ತಿದ್ದಾರೆ. ಇರಲಿ. ನಾನು ಇಷ್ಟು ಹೊತ್ತು ಹುಣಸೆ ಬೀಜ, ಎತ್ತು ಎಂದು ಸುತ್ತಿ ಬಳಸಿ ಬಂದದ್ದು ಮುಂದಿನ ಮಾತು ಹೇಳಲು ಧೈರ್ಯ ಸಾಲದೆ.

ಸಂಡೂರಿನಿಂದ ನಮ್ಮ ಸೋದರತ್ತೆ ಸುಂಕಮ್ಮ ಬಂದಿದ್ದರು. ಊಟಕ್ಕೆ ಕುಳಿತಿದ್ದೆವು. ನಮ್ಮ ಮನೆಯವರು ರೊಟ್ಟಿ ಬಡಿಸುತ್ತಿದ್ದರು. ಅತ್ತೆ ಹೇಳಿದರು, "ಕಿವುಡಿ ಕೂಡ ಎಷ್ಟು ದಿನ ಬಾಳೇವು ಮಾಡ್ತೀಯೋ ತಮ್ಮಾ? ಸಂಡೂರಾಗ ಒಂದು ಹುಡುಗಿ ಐತಿ. ತಂದುಬಿಡಾನ."

ನಾನು, "ನೋಡೋಣ" ಅಂದೆ.

ರೊಟ್ಟಿ ಹಿಡಿದ ಕೈ ನಿಂತಿತು. ಅಷ್ಟೇ. ಮತ್ತೆ ಅತ್ತೆಗೆ ತುಪ್ಪ ಬಡಿಸಿದರು, ನನಗೂ ಬಡಿಸಿದರು. ಮರುದಿನ ಬೆಳಿಗ್ಗೆ ಗಂಟು ಹಿಡಿದು ಬಾಗಿಲಲ್ಲಿ ನಿಂತು, "ನೀವು ನೋಡೋಣ ಅಂದಿದ್ದು ನನಗ ಕೇಳಿಸೇತ್ರಿ" ಎಂದು ಹೇಳಿ ಹೊರಟರು.

ನಾನೇನು ಮಾಡಿದೆ? ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಓಡಿದೆ. ಕಿವಿ ತಾನಾಗಿ ವಾಸಿಯಾಗಿದೆ ಎಂದೆ! ಡಾಕ್ಟರು ಚಿತ್ತವಾಡ್ಗಿಗೆ ಹೇಳಿಕಳಿಸಿ ಮತ್ತೆ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ಮತ್ತೆ ಅದೇ ಹೆಸರು. ಮತ್ತೆ ಮೌನ. ಆಗ ದವಾಖಾನೆಯ ನರ್ಸಮ್ಮ, ನಮ್ಮ ಜಂಬಮ್ಮ, ಹಣೆ ಹಣೆ ಬಡಿದುಕೊಂಡು, "ಗಂಡನ ಹೆಸರು ಆಕಿ ಹೆಂಗ ಹೇಳ್ಯಾಳ್ರಿ? ಕಮಲಾಪುರ ಅನ್ರಿ, ನೋಡೋಣು" ಎಂದರು. ಡಾಕ್ಟರು ರಸ್ತೆಯ ಆಚೆ ಹೋಗಿ ನಿಂತು ಪಿಸುಗುಟ್ಟಿದರೂ ಒಳಗಿನಿಂದ ಉತ್ತರ ಬಂತು, "ಕಮಲಾಪುರ." ಸಭಿಕರೇ, ಅಂದಿನಿಂದ ಡಾಕ್ಟರು ಹೆಣ್ಣುಮಕ್ಕಳ ಕಿವಿ ನೋಡುವ ಮೊದಲು ಗಂಡನ ಹೆಸರನ್ನು ಜೊತೆಗೆ ಬಂದವರ ಹತ್ತಿರ ಕೇಳಿ ಬರೆದುಕೊಳ್ಳುತ್ತಾರೆ. ವೈದ್ಯಶಾಸ್ತ್ರಕ್ಕೆ ನಮ್ಮ ಮನೆತನದ ಕಾಣಿಕೆ ಇದು.

ಆದರೆ ನಮ್ಮ ಮನೆಯವರು ಮನೆಗೆ ಬರಲಿಲ್ಲ. ತಮ್ಮ ಅಣ್ಣನ ಕೈಲಿ ಹೇಳಿಕಳಿಸಿದರು. "ಅತ್ತಿ ಎದುರಿಗೆ ಏನಂದ್ರಿ, ಅದನ್ನ ಜನರ ಎದುರಿಗೆ ಹೇಳ್ರಿ. ಆಮ್ಯಾಲೆ ಖರೇ ಉತ್ತರ ಹೇಳ್ರಿ."

ಅದಕ್ಕೇ ನಾನು ಈ ಭಾಷಣ ಬೇಡಿ ಪಡೆದದ್ದು. ಅಧ್ಯಕ್ಷರು ಕ್ಷಮಿಸಬೇಕು.

ಎರಡು ತಿಂಗಳಿಂದ ನಾನು ಹೇಳುತ್ತಿರುವುದೇನು? ಅದು ಬಾಯಿಚಾಳಿ, ವ್ಯಾಪಾರಸ್ಥ ನಾನು, ಯಾರಿಗೂ ಇಲ್ಲ ಅನ್ನುವುದಿಲ್ಲ, ಕೊಳ್ಳದ ಭತ್ತಕ್ಕೂ ನೋಡೋಣ ಅನ್ನುತ್ತೇನೆ ಎಂದು. ಅದು ಸುಳ್ಳು, ಮಹನೀಯರೇ. ಒಂದು ರೊಟ್ಟಿ ಮುರಿಯುವಷ್ಟು ಹೊತ್ತು ನಾನು ನಿಜವಾಗಿಯೂ ಯೋಚನೆ ಮಾಡಿದ್ದೆ. ಅದನ್ನು ನೆನೆದರೆ ನನಗೆ ನಾಚಿಕೆಯಾಗುತ್ತದೆ. ಹದಿನಾರು ವರ್ಷ ನನ್ನ ಮಾತನ್ನೆಲ್ಲ ಕೇಳಿಸಿಕೊಂಡವರು ಅವರು. ಅವರು ಹೇಳಿದ ಒಂದು ಮಾತನ್ನು ನಾನು ಕೇಳಿಸಿಕೊಳ್ಳಲಿಲ್ಲ, ಒಂದು ಚೀಟಿಯನ್ನು ನಂಬಿದೆ. ಪಂಪಮ್ಮಾ, ಅವತ್ತು ನಾನು ಹೇಳಬೇಕಾಗಿದ್ದು ಬ್ಯಾಡ ಅಂತ. ಇವತ್ತು ಹೇಳ್ತೀನಿ. ಬ್ಯಾಡ. ಯಾವ ಹುಡುಗಿನೂ ಬ್ಯಾಡ. ನೀನು ಇದ್ರ ಸಾಕು.

ಸ್ವಲ್ಪ ತಡೆಯಿರಿ, ಚಪ್ಪಾಳೆ ಬೇಡ. ಅವರು ಎದ್ದರು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾರೆ. ಬಾಗಿಲ ಹತ್ತಿರ ನಿಂತವರೇ, ದಯವಿಟ್ಟು ನೋಡಿ ಹೇಳಿರಿ. ಎಡಕ್ಕೆ ತಿರುಗಿದರೆ ಚಿತ್ತವಾಡ್ಗಿ. ಬಲಕ್ಕೆ ತಿರುಗಿದರೆ ಕಂಪ್ಲಿಯ ಬಸ್ಸು. ಎತ್ತ? ಬಲಕ್ಕೇ? ಸರಿಯಾಗಿ ನೋಡಿದಿರಾ? ಹತ್ತಿದರೇ?

ಅಧ್ಯಕ್ಷರೇ, ಡಾಕ್ಟರ ಗುಣಗಾನ ಇನ್ನೂ ನಾಲ್ಕು ಹಾಳೆ ಉಳಿದಿದೆ, ಇಗೋ, ತಾವೇ ಓದಿಬಿಡಿರಿ. ಡಾಕ್ಟರೇ, ನಿಮಗೆ ಹೊದಿಸಬೇಕಾದ ಶಾಲು ಗಡಿಬಿಡಿಯಲ್ಲಿ ನನ್ನ ಹೆಗಲ ಮೇಲೇ ಉಳಿದಿದೆ, ತೆಗೆದುಕೊಳ್ಳಿರಿ. ಹೋದಲ್ಲಿ ನಿಮಗೆ ಒಳ್ಳೆಯದಾಗಲಿ. ಬೇಗ ಮದುವೆಯಾಗಿರಿ, ಪುಸ್ತಕದಲ್ಲಿಲ್ಲದ್ದು ಬಹಳ ತಿಳಿಯುತ್ತದೆ. ಕೇಳಿಸಿಕೊಂಡ ಎಲ್ಲರಿಗೂ ನನ್ನ ವಂದನೆ. ಯಾರಾದರೂ ಓಡಿಹೋಗಿ ಬಸ್ಸು ನಿಲ್ಲಿಸಿರಪ್ಪಾ, ಆಕೆ ನನ್ನನ್ನು ಬಿಟ್ಟು ನಮ್ಮ ಮನೆಗೇ ಹೊರಟಿದ್ದಾಳೆ. ನಮಸ್ಕಾರ.